ಮೇಘದೂತದ ಮಾರ್ಗೋಪದೇಶವೂ ಉತ್ತರದೇಶದ ಯಾತ್ರಿಕನೂ

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂಬ ಗಾದೆಯು ಕನ್ನಡನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿರುವುದು. ಗಾದೆಯನ್ನು ಕಟ್ಟಿದವರು ಎರಡನ್ನೂ ಒಟ್ಟಿಗೆ ಹೇಳಿದರೇ ಹೊರತು, ಇವುಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿಷ್ಕರ್ಷೆ ಮಾಡಲಿಲ್ಲ. ನೋಡಬೇಕಾದ ದೇಶವು ನೆರೆಯದಾದರೆ ಈ ಕ್ರಮವಿಚಾರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ವಿಂಧ್ಯಪರ್ವತದ ಆಚೆಗೆ ಹಿಮವಂತನವರೆಗೆ ಹರಡಿರುವ ಉತ್ತರದೇಶವನ್ನು, ಅದರ ಭಾಷೆಯನ್ನಾಗಲಿ ಹವೆಯನ್ನಾಗಲಿ ಅರಿಯದ ದಕ್ಷಿಣದವನೊಬ್ಬನು ನೋಡಲು ಹೊರಟಾಗ, ಹೊರಡುವುದಕ್ಕೆ ಮುನ್ನ ಅವನು ಏನನ್ನು ತಿಳಿದಿರಬೇಕು ಎಂಬ ಪ್ರಶ್ನೆಯು ಸಹಜವಾಗಿ ಏಳುವುದು.

ತುಮಕೂರು ತಾಲ್ಲೂಕಿನ ಕೋರ ಹೋಬಳಿಯಂತಹ ಬಯಲು ಸೀಮೆಯಲ್ಲಿಯೂ ಕಾಶೀಯಾತ್ರೆಯು ಈಗ ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ಹಿಂದಿನವರು ಕಾಲುನಡಿಗೆಯಿಂದಲೂ ಬಂಡಿಗಳಿಂದಲೂ ತಿಂಗಳುಗಟ್ಟಲೆ ಸಾಗಬೇಕಾಗಿದ್ದ ದಾರಿಯನ್ನು ಇಂದಿನವರು ರೈಲಿನಲ್ಲಿ ಎರಡು ಮೂರು ದಿನಗಳಲ್ಲಿಯೂ ವಿಮಾನದಲ್ಲಿ ಕೆಲವೇ ಗಂಟೆಗಳಲ್ಲಿಯೂ ಮುಗಿಸುವರು. ದಾರಿಯು ಹ್ರಸ್ವವಾದಂತೆ ದಾರಿಯನ್ನು ಅರಿಯುವ ಶ್ರಮವೂ ಹ್ರಸ್ವವಾಗಿದೆ. ಇಳಿದುಕೊಳ್ಳುವ ಸ್ಥಳವೆಲ್ಲಿ, ಊಟಕ್ಕೆ ಅನುಕೂಲವುಂಟೆ, ವೆಚ್ಚವೆಷ್ಟು ಎಂಬ ಮೂರು ಸಂಗತಿಗಳು ತಿಳಿದರೆ ದೇಶವೇ ತಿಳಿದಂತಾಯಿತೆಂಬ ಭಾವನೆಯು ಹಬ್ಬಿರುವುದು. ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಕಾಳಿದಾಸನ ಮೇಘದೂತಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯಲಾರದು. ಏಕೆಂದರೆ ಆ ಕಾವ್ಯದ ಅರ್ಧಭಾಗವು ಉತ್ತರಕ್ಕೆ ಹೊರಟ ಪಯಣಿಗನೊಬ್ಬನಿಗೆ, ಅವನು ಹೊರಡುವುದಕ್ಕೆ ಮುನ್ನ, ದಾರಿಯನ್ನು ಬಲ್ಲವನು ಹೇಳಿದ ಮಾತೇ ಆಗಿರುವುದು.

ಕಾಳಿದಾಸನು ಕನ್ನಡಿಗರಿಗೆ ಹೊಸಬನಲ್ಲ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಕ್ರಿ. ಶ. ೬೩೪ರಲ್ಲಿ ಬರೆಸಿದ ಶಾಸನದಲ್ಲಿ ಅವನ ಹೆಸರು ಭಾರವಿಯ ಹೆಸರಿನೊಡನೆ ಕೆತ್ತಲ್ಪಟ್ಟಿದೆ. ಸಂಸ್ಕೃತವನ್ನು ಅಭ್ಯಾಸ ಮಾಡದ ಮನೆಗಳಿಗೆ ಈ ಕಾವ್ಯವನ್ನು ತಲುಪಿಸುವ ಕೆಲಸವನ್ನು ದ. ರಾ. ಬೇಂದ್ರೆಯವರು ೧೯೪೩ರ ತಮ್ಮ ಕನ್ನಡ ಮೇಘದೂತದಿಂದ ಮಾಡಿದರು. ಎಸ್. ವಿ. ಪರಮೇಶ್ವರ ಭಟ್ಟರೂ ಇದನ್ನು ಕನ್ನಡಿಸಿರುವರು. ಆದ್ದರಿಂದ ಕಥೆಯನ್ನು ವಿಸ್ತರಿಸಬೇಕಾದ ಅಗತ್ಯವಿಲ್ಲ. ಕರ್ತವ್ಯದಲ್ಲಿ ತಪ್ಪಿದ ಯಕ್ಷನೊಬ್ಬನು ಕುಬೇರನ ಶಾಪದಿಂದ ಒಂದು ವರ್ಷ ರಾಮಗಿರಿಯಲ್ಲಿ ಇರಬೇಕಾಗಿ ಬಂದಿತು. ಈ ರಾಮಗಿರಿಯನ್ನು ನಾಗಪುರದ ಬಳಿಯ ರಾಮಟೇಕವೆಂದು ಅನೇಕ ವಿದ್ವಾಂಸರು ಗುರುತಿಸುವರು. ಎಂಟು ತಿಂಗಳು ಕಳೆದ ಮೇಲೆ, ಆಷಾಢದಲ್ಲಿ, ಬೆಟ್ಟದ ತಪ್ಪಲನ್ನು ತಬ್ಬಿದ ಮೋಡವನ್ನು ಕಂಡು, ಅಲಕಾಪುರಿಯಲ್ಲಿರುವ ಹೆಂಡತಿಗೆ ಅದರ ಮೂಲಕ ವಾರ್ತೆಯನ್ನು ಕಳುಹಿಸಲು ಅವನು ಮನಸ್ಸು ಮಾಡಿದನು.

ಇಲ್ಲಿ ಎರಡು ಆಕ್ಷೇಪಣೆಗಳು ಏಳುವುವು. ಮೋಡವು ಅಚೇತನವಾದುದರಿಂದ ಅದನ್ನು ದೂತನನ್ನಾಗಿ ಮಾಡುವುದು ಯುಕ್ತವಲ್ಲವೆಂಬುದು ಮೊದಲನೆಯದು. ಮೋಡ, ಗಾಳಿ, ಚಂದ್ರ ಮೊದಲಾದವುಗಳನ್ನು ದೂತರನ್ನಾಗಿ ಕಲ್ಪಿಸುವುದನ್ನು ಆಲಂಕಾರಿಕನಾದ ಭಾಮಹನು ದೋಷವೆಂದೇ ಎಣಿಸಿರುವನು. ಉತ್ಕಂಠೆಯಿಂದ ಉನ್ಮತ್ತನಾದವನ ಮಾತಾದರೆ ಮಾತ್ರ ಕ್ಷಮಿಸಬಹುದೆಂದು ಅವನ ಮತ. ಕಾಳಿದಾಸನು ಇದಕ್ಕೆ ಕಾವ್ಯದ ಆರಂಭದಲ್ಲಿಯೇ ಸಮಾಧಾನವನ್ನು ಹೇಳಿರುವುದರಿಂದ ಚರ್ಚೆಯನ್ನು ಬೆಳೆಸಬೇಕಾಗಿಲ್ಲ. ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದುದು. ವಿರಹದಿಂದ ಕೃಶನಾದ, ಮುಂಗೈಯ ಬಳೆಯು ಜಾರಿಹೋದ ಯಕ್ಷನು, ದೂತನನ್ನು ನೆಟ್ಟನೆ ಮನೆಗೆ ಓಡಿಸುವುದನ್ನು ಬಿಟ್ಟು, ದಾರಿಯ ಬೆಟ್ಟ, ನದಿ, ಊರು, ಗುಡಿಗಳನ್ನು ಒಂದೊಂದಾಗಿ ವರ್ಣಿಸುತ್ತ ಕುಳಿತುಕೊಳ್ಳುವನೆ? ಸಂದೇಶವು ಬರುವುದು ಕಾವ್ಯದ ಕೊನೆಯಲ್ಲಿ. ಮೊದಲು ದಾರಿಯನ್ನು ಕೇಳೆಂದು ಅವನೇ ಹೇಳುವನು. ಅದೂ ಸಾಲದೆ, ಉಜ್ಜಯಿನಿಯನ್ನು ನೋಡುವ ಸಲುವಾಗಿ ದಾರಿಯನ್ನು ಬಳಸಿಕೊಂಡು ಹೋಗಬೇಕೆಂದು ಸ್ಪಷ್ಟವಾಗಿ ಆಜ್ಞಾಪಿಸುವನು. ಇದು ಯಕ್ಷನ ಮಾತಲ್ಲ, ಉಜ್ಜಯಿನಿಯನ್ನು ಮೆಚ್ಚಿದ ಕವಿಯ ಮಾತೆಂದು ಕೆಲವರು ಹೇಳುವುದುಂಟು.

ಈ ಸಮಾಧಾನವು ಕವಿಯ ಚರಿತ್ರೆಗೆ ಒಪ್ಪಬಹುದಾದರೂ ಕಾವ್ಯಕ್ಕೆ ಒಪ್ಪುವುದಿಲ್ಲ. ಮಾರ್ಗೋಪದೇಶವನ್ನು ಮೊದಲಿನಿಂದ ಗಮನವಿಟ್ಟು ಓದಿದರೆ, ಯಕ್ಷನು ಸ್ಥಳಗಳ ಪಟ್ಟಿಯನ್ನು ಒಪ್ಪಿಸುತ್ತಿಲ್ಲವೆಂಬುದು ಹೊಳೆಯುವುದು. ಪ್ರತಿಯೊಂದು ಸ್ಥಳದಲ್ಲಿಯೂ ಅವನು ಮೂರು ಸಂಗತಿಗಳನ್ನು ತಿಳಿಸುವನು. ಸ್ಥಳದ ಗುರುತು ಮೊದಲನೆಯದು. ಅಲ್ಲಿ ಪಯಣಿಗನಿಗೆ ದೊರೆಯುವ ವಿಶ್ರಾಂತಿ, ನೀರು, ಸಂತೋಷಗಳು ಎರಡನೆಯವು. ಪಯಣಿಗನು ಆ ಸ್ಥಳಕ್ಕೆ ಸಲ್ಲಿಸಬೇಕಾದುದು ಮೂರನೆಯದು. ಇಂದಿನ ಯಾತ್ರಿಕನ ಕೈಪಿಡಿಗಳಲ್ಲಿ ಮೊದಲನೆಯದೂ ಎರಡನೆಯದೂ ಹೇರಳವಾಗಿ ಇರುವುವು. ಮೂರನೆಯದು ಬಹುಮಟ್ಟಿಗೆ ಇಲ್ಲ. ಮೇಘದೂತದ ಹೆಚ್ಚಳವು ಈ ಮೂರನೆಯದರಲ್ಲಿಯೇ ಇರುವುದೆಂದು ಸಿದ್ಧಪಡಿಸುವುದಕ್ಕೆ ಆಧಾರಗಳು ಕಾವ್ಯದಲ್ಲಿ ಬೇಕಾದಷ್ಟಿವೆ.

ದಾರಿಯ ಆರಂಭವನ್ನೇ ನೋಡಬಹುದು. ಆಗತಾನೆ ಉತ್ತು ಮಣ್ಣಿನ ವಾಸನೆ ಏಳುತ್ತಿರುವ ಮಾಲಭೂಮಿಯ ಮೇಲೆ ಮೋಡವು ಹಾಯಬೇಕು. ಬೆಳೆಯ ಫಲವು ಮೋಡದ ಕೈಯಲ್ಲಿರುವುದೆಂದು ಬಲ್ಲ ಹಳ್ಳಿಯ ಹೆಂಗಸರು, ಹುಬ್ಬಿನ ವಿಲಾಸವನ್ನು ಅರಿಯದ ಅಕ್ಕರೆಯ ಕಣ್ಣುಗಳಿಂದ ಅದನ್ನು ನೋಡುವರು. ಆ ನೋಟವನ್ನು ಪಡೆದ ಮೇಲೆ ಮುಂದಕ್ಕೆ ಹೋಗಬೇಕು. ಆಷಾಢದ ಗಾಳಿಯಲ್ಲಿ ತಲೆಯ ಮೇಲೆ ತೇಲಿಹೋಗುವ ಮೋಡವನ್ನು ರಾಗಿಯ ಹೊಲದ ಬದುವಿನಲ್ಲಿ ನಿಂತು ನೋಡುವ ಕೋರದ ಒಕ್ಕಲಗಿತ್ತಿಗೆ ಈ ಪದ್ಯದ ಭಾವವನ್ನು ವ್ಯಾಖ್ಯಾನದಿಂದ ತಿಳಿಸಬೇಕಾದುದಿಲ್ಲ. ಉತ್ತರದೇಶದ ಪರಿಚಯವು ಅರಮನೆಯಿಂದಲೂ ಗುಡಿಯಿಂದಲೂ ಆರಂಭವಾಗದೆ ಉತ್ತ ಹೊಲದಿಂದ ಆರಂಭವಾಗಿರುವುದನ್ನು ಸಹೃದಯರು ಮರೆಯಬಾರದು.

ಮುಂದೆ ಆಮ್ರಕೂಟದಲ್ಲಿ ಕಾಡುಕಿಚ್ಚನ್ನು ಮಳೆಯಿಂದ ನಂದಿಸಬೇಕು. ಆ ಉಪಕಾರವನ್ನು ನೆನೆದು ಬೆಟ್ಟವು ಬಳಲಿದ ಮೋಡವನ್ನು ತಲೆಯ ಮೇಲೆ ಹೊರುವುದು. ವಿಂಧ್ಯದ ಬುಡದಲ್ಲಿ ಬಂಡೆಗಳ ನಡುವೆ ಒಡೆದು ಹರಿಯುವ ರೇವಾನದಿಯ ಬಳಿ, ಮಳೆಗರೆದು ಬರಿದಾದ ಮೋಡವು ನೀರನ್ನು ಕುಡಿದು ತುಂಬಿಕೊಳ್ಳಬೇಕು. ಒಳಗೆ ತಿರುಳುಳ್ಳವನನ್ನು ಗಾಳಿಯು ಎತ್ತಿ ಎಸೆಯಲಾರದು. ವಿದಿಶೆಯ ಬಳಿಯ ನೀಚೈರ್ಗಿರಿಯಲ್ಲಿ ವಿಶ್ರಮಿಸಿ, ತೋಟಗಳ ಮಲ್ಲಿಗೆಯ ಮೊಗ್ಗಿಗೆ ಹನಿಗಳನ್ನು ತಳಿದು, ಬೆವರನ್ನು ಒರಸಿಕೊಳ್ಳುತ್ತ ಹೂ ಬಿಡಿಸುವ ಹೆಂಗಸರ ಮುಖಕ್ಕೆ ಕ್ಷಣಕಾಲ ನೆರಳಾಗಬೇಕು. ಬೇಸಗೆಯಲ್ಲಿ ಬಡವಾಗಿ ಒಂಟಿಜಡೆಯಂತೆ ಹರಿಯುವ ನದಿಯ ಕೃಶತೆಯನ್ನು ನೀಗಿಸಬೇಕು. ಉಜ್ಜಯಿನಿಯನ್ನು ಹೊತ್ತಿಗೆ ಮುಂಚೆ ತಲುಪಿದರೂ ಸೂರ್ಯನು ಮುಳುಗುವವರೆಗೆ ಕಾದಿದ್ದು, ಮಹಾಕಾಲನ ಸಂಜೆಯ ಪೂಜೆಯಲ್ಲಿ ತನ್ನ ಗುಡುಗನ್ನೇ ನಗಾರಿಯ ಧ್ವನಿಯನ್ನಾಗಿ ಸಲ್ಲಿಸಬೇಕು. ಪಯಣಿಗನು ಗುಡಿಯನ್ನು ನೋಡಿಬರುವುದಕ್ಕೆ ಹೋಗುವವನಲ್ಲ, ಸೇವೆಗೆ ಒದಗುವುದಕ್ಕೆ ಹೋಗುವವನು.

ಸಲ್ಲಿಸುವುದೆಂದರೆ ಕೊಡುವುದೊಂದೇ ಅಲ್ಲ, ತಡೆದುಕೊಳ್ಳುವುದೂ ಅದರಲ್ಲಿ ಸೇರಿರುವುದು. ಉಜ್ಜಯಿನಿಯ ಕಗ್ಗತ್ತಲೆಯಲ್ಲಿ ಪ್ರಿಯರ ಮನೆಗೆ ಹೋಗುವ ಹೆಂಗಸರಿಗೆ ಮಿಂಚಿನಿಂದ ನೆಲವನ್ನು ತೋರಿಸಬೇಕು, ಆದರೆ ಗುಡುಗಬಾರದು, ಸುರಿಯಬಾರದು, ಅವರು ಅಂಜುವರು. ಬೆಳಗಾದೊಡನೆ ಸೂರ್ಯನ ದಾರಿಯನ್ನು ಬಿಟ್ಟುಕೊಡಬೇಕು. ತಾವರೆಯ ಮುಖದಿಂದ ಇಬ್ಬನಿಯ ಕಣ್ಣೀರನ್ನು ಒರಸಲು ಬರುವ ಅವನ ಕಿರಣಗಳಿಗೆ ಅಡ್ಡವಾದರೆ ಅವನಿಗೆ ಅಲ್ಪಕೋಪವಲ್ಲ. ಮಳೆಗರೆಯುವುದು ಮೋಡದ ಧರ್ಮವೇ ಆದರೂ ಎಲ್ಲೆಡೆಯಲ್ಲಿಯೂ ಎಲ್ಲ ಹೊತ್ತಿನಲ್ಲಿಯೂ ಅದು ಸಲ್ಲದೆಂಬ ಈ ವಿವೇಕವು ಪರಸ್ಥಳಕ್ಕೆ ಹೋಗುವವನಿಗೆ ಅತ್ಯಾವಶ್ಯಕವಾದುದು. ಇನ್ನು ಹಿಮವಂತನಲ್ಲಿ, ದೇವದಾರುಗಳು ಒಂದಕ್ಕೊಂದು ಉಜ್ಜಿ ಹುಟ್ಟಿದ ಬೆಂಕಿಯು ಚಮರೀಮೃಗಗಳ ಬಾಲವನ್ನು ಸುಡುವಾಗ ಅದನ್ನು ಸಾವಿರಧಾರೆಗಳಿಂದ ಆರಿಸಬೇಕು. ಶಿವನ ಹೆಜ್ಜೆಯ ಗುರುತಿಗೆ ಭಕ್ತಿಯಿಂದ ಬಗ್ಗಿ ಪ್ರದಕ್ಷಿಣೆ ಮಾಡಬೇಕು. ಗೌರಿಯು ಬೆಟ್ಟವನ್ನೇರುವಾಗ ಒಳಗಿನ ನೀರನ್ನು ಗಟ್ಟಿಮಾಡಿಕೊಂಡು ಮೆಟ್ಟಿಲಾಗಬೇಕು. ರಾಮಗಿರಿಯಲ್ಲಿ ಆನೆಯಂತೆ ಬೆಟ್ಟಕ್ಕೆ ಹಾಯುತ್ತಿದ್ದ ಮೋಡವು ಕೈಲಾಸದಲ್ಲಿ ಪಾದದಡಿಯ ಸೋಪಾನವಾಗುವುದು. ದಾರಿಯ ಉಪದೇಶವು ಪಯಣಿಗನಲ್ಲಿ ತರುವ ಈ ಮಾರ್ಪಾಡೇ ಪೂರ್ವಮೇಘದ ಕಥೆ ಎನ್ನಬಹುದು. ಮಂದಾಕ್ರಾಂತಾ ವೃತ್ತದ ಹದಿನೇಳು ಅಕ್ಷರಗಳ ನಿಧಾನವಾದ ನಡೆಯೂ ಇದಕ್ಕೆ ತಕ್ಕುದಾಗಿದೆ. ಹೀಗೆ ಸಿದ್ಧನಾದ ದೂತನಿಗಲ್ಲದೆ, ಹೆಂಡತಿಯ ಹಾಸಿಗೆಯ ಬಳಿ ನಿಂತು ಮೆಲ್ಲಗೆ ಮಾತನಾಡುವ ಕೆಲಸವನ್ನು ಯಾವ ಗಂಡನು ಒಪ್ಪಿಸಿಯಾನು? ದಾರಿಯ ವರ್ಣನೆಯು ಸಂದೇಶಕ್ಕೆ ಅಡ್ಡಿಯಲ್ಲ, ಅದಕ್ಕೆ ಬೇಕಾದ ಸಂಸ್ಕಾರವೇ ಆಗಿರುವುದು. ಎರಡನೆಯ ಆಕ್ಷೇಪಣೆಗೆ ಇದೇ ಉತ್ತರ.

ಕಾವ್ಯವನ್ನು ಹೊಗಳುವಾಗ ಅದರ ಮೇರೆಯನ್ನೂ ಹೇಳುವುದು ನ್ಯಾಯ. ಕಾಳಿದಾಸನ ಉತ್ತರದೇಶವು ಒಂದೇ ಋತುವಿನ ಉತ್ತರದೇಶ. ಆಷಾಢದ ಕೇದಗೆಯ ಬೇಲಿ, ಹಣ್ಣಾದ ನೇರಳೆಯ ತೋಪು, ಗೂಡು ಕಟ್ಟುವ ಹಕ್ಕಿಗಳನ್ನು ನಂಬಿಕೊಂಡು ಮಾಘಮಾಸದಲ್ಲಿ ಹೋದವನಿಗೆ ದೊರೆಯುವುದು ಬೇರೊಂದು ದೇಶವೇ ಸರಿ. ಉತ್ತರದ ಚಳಿ, ಹಸಿವು, ದಾರಿಗಳ್ಳರ ಭಯ ಮೊದಲಾದುವು ಇಲ್ಲಿ ಇಲ್ಲ. ಮೋಡಕ್ಕೆ ಅವು ಬೇಕಾಗಿಯೂ ಇಲ್ಲ. ನಗರಗಳಲ್ಲಿ ಭೋಗಿಗಳನ್ನು ಕಾಣುವಷ್ಟು ದುಡಿಯುವವರನ್ನು ಕವಿಯು ಕಾಣುವುದಿಲ್ಲ. ಆದರೆ ಇಲ್ಲಿಯೂ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಅವಂತೀದೇಶಕ್ಕೆ ಬಂದಾಗ, ಉದಯನನ ಕಥೆಯನ್ನು ಬಲ್ಲವರು ಅಲ್ಲಿಯ ಹಳ್ಳಿಯ ಮುದುಕರೆಂದು ಯಕ್ಷನು ತಿಳಿಸುವನು. ಕಥೆಯನ್ನು ಮಾತ್ರ ತಾನು ಹೇಳುವುದಿಲ್ಲ. ಅದನ್ನು ಅಲ್ಲಿಗೆ ಹೋಗಿ ಅವರಿಂದಲೇ ತಿಳಿಯಬೇಕು. ಎರಡನೆಯದಾಗಿ, ಅಲಕೆಯಲ್ಲಿರುವ ತನ್ನ ಮನೆಯ ಗುರುತುಗಳನ್ನು, ಕಾಮನಬಿಲ್ಲಿನಂತಹ ತೋರಣ, ಹೆಂಡತಿಯು ಮಗನಂತೆ ಬೆಳೆಸಿದ ಎಳೆಯ ಮಂದಾರ, ಬಾಗಿಲ ಬಳಿ ಬರೆದ ಶಂಖಪದ್ಮಗಳು ಎಂದು ವಿವರವಾಗಿ ಕೊಟ್ಟಮೇಲೆ, ತಾನಿಲ್ಲದ ಆ ಮನೆಯು ಈಗ ಕಳೆಗುಂದಿರಬೇಕೆಂದು ತಾನೇ ಸೇರಿಸುವನು. ದೂರದಲ್ಲಿದ್ದು ಹೇಳುವವನ ತಿಳಿವಳಿಕೆಗೆ ಎಂಟು ತಿಂಗಳ ಹಳಮೆ ಬಂದಿರುವುದೆಂಬ ಎಚ್ಚರವು ಅವನಲ್ಲಿದೆ. ತಿಳಿಸುವವನು ಎಲ್ಲವನ್ನೂ ತಾನೇ ತಿಳಿಸಿಬಿಡಬಾರದು, ತಿಳಿಸಿದುದು ಹಳತಾಗಿರಬಹುದೆಂಬುದನ್ನು ಮರೆಯಲೂ ಬಾರದು.

ಈ ಲಕ್ಷಣಗಳನ್ನು ಹಿಮಾಲಯಕ್ಕೂ ಉತ್ತರದಲ್ಲಿರುವ ರಷ್ಯಾದೇಶದ ವಿಷಯದಲ್ಲಿ ಕನ್ನಡಿಗರು ಪಡೆದ ಪರಿಚಯಕ್ಕೆ ಹಚ್ಚಿ ನೋಡಬಹುದು. ಮಾಸ್ತಿಯವರು ತಮ್ಮ ಒಂದು ಕಥೆಗೆ ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು ಎಂದು ಹೆಸರಿಟ್ಟರು. ಭೂರ್ಜವು ದಕ್ಷಿಣದ ಬಯಲಿನಲ್ಲಿ ಬೆಳೆಯುವ ಮರವಲ್ಲ. ಆದರೂ ಕುಮಾರಸಂಭವದ ಹಿಮಾಲಯವರ್ಣನೆಯಲ್ಲಿ ವಿದ್ಯಾಧರಸ್ತ್ರೀಯರು ಪ್ರೇಮಪತ್ರವನ್ನು ಬರೆಯುವುದು ಅದರ ತೊಗಟೆಯ ಮೇಲೆಯೇ ಎಂದು ಓದಿದವರಿಗೆ ಅದು ಹಳೆಯ ಪರಿಚಯದ ಮರ. ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆದುದೂ ಅದರ ಮೇಲೆಯೇ. ರಷ್ಯದವರು ಇದೇ ಜಾತಿಯ ತಮ್ಮ ಮರವನ್ನು ಬೆರ್ಯೋಜ ಎನ್ನುವರು, ಇಂಗ್ಲಿಷರು ಬರ್ಚ್ ಎನ್ನುವರು. ಭೂರ್ಜ ಶಬ್ದಕ್ಕೂ ಇವಕ್ಕೂ ಮೂಲವು ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಪರದೇಶದ ಮರವನ್ನು ಪರಕೀಯ ಶಬ್ದದಿಂದ ಕರೆಯದೆ ಕಾಳಿದಾಸನ ಶಬ್ದದಿಂದ ಕರೆದುದರಿಂದ, ಕಥೆಯ ಹೆಸರೇ ಕನ್ನಡಿಗನಿಗೂ ಆ ದೇಶಕ್ಕೂ ನಂಟನ್ನು ತೋರಿಸುವುದು.

ಜಿ. ಎಸ್. ಶಿವರುದ್ರಪ್ಪನವರು ತಮ್ಮ ಪ್ರವಾಸಗ್ರಂಥಕ್ಕೆ ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ ಎಂದು ಹೆಸರಿಟ್ಟುದೂ ವಿವೇಕದ ಲಕ್ಷಣವೇ. ಅಷ್ಟು ದೊಡ್ಡ ದೇಶದಲ್ಲಿ ಕಂಡುದು ಎಷ್ಟು, ಎಷ್ಟು ದಿನ ಎಂಬ ಅಳತೆಯನ್ನು ಗ್ರಂಥದ ಹೊದಿಕೆಯೇ ಹೇಳುವುದು. ಅವರು ಕಂಡ ಸೋವಿಯತ್ ರಾಜ್ಯವು ೧೯೯೧ರಲ್ಲಿ ಕರಗಿಹೋಯಿತು. ಇಂದು ಆ ಪುಸ್ತಕವನ್ನು ಓದಿ ಮಾಸ್ಕೋವಿಗೆ ಹೊರಡುವವನು ಯಕ್ಷನಂತೆ, ಮನೆಯ ಕಳೆಯು ಈಗ ಬೇರೆಯಾಗಿರಬೇಕು ಎಂಬ ಮಾತನ್ನು ತಾನೇ ಸೇರಿಸಿಕೊಳ್ಳಬೇಕು. ಅದರಿಂದ ಪುಸ್ತಕದ ಬೆಲೆಯು ಕುಗ್ಗುವುದಿಲ್ಲ, ಓದುವವನ ಜವಾಬ್ದಾರಿಯು ಹೆಚ್ಚುವುದು.

ಇದಕ್ಕೆ ವಿಲೋಮವಾದ ದೃಷ್ಟಾಂತವೂ ಕನ್ನಡನಾಡಿನ ಚರಿತ್ರೆಯಲ್ಲಿಯೇ ಇರುವುದು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ, ಬಹಮನೀ ರಾಜ್ಯವು ಮಹಮೂದ್ ಗವಾನನ ಆಡಳಿತದಲ್ಲಿದ್ದಾಗ, ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ಮಾರುವುದಕ್ಕೆಂದು ಒಂದು ಕುದುರೆಯನ್ನು ತಂದು ಬೀದರಿನವರೆಗೆ ಬಂದನು. ಹೊರಡುವುದಕ್ಕೆ ಮುನ್ನ ಅವನಿಗೆ ದೊರೆತಿದ್ದುದು ವರ್ತಕರ ತಿಳಿವಳಿಕೆ; ತನ್ನ ದೇಶಕ್ಕೆ ಒಯ್ಯತಕ್ಕ ಸರಕು ಇಲ್ಲಿ ಬೇಕಾದಷ್ಟಿದೆ ಎಂದು ಅವರು ಹೇಳಿದ್ದರು. ಬಂದು ನೋಡಿದಾಗ ಅದು ಸುಳ್ಳಾಯಿತೆಂದು ಅವನು ತನ್ನ ಟಿಪ್ಪಣಿಯಲ್ಲಿ ಕಟುವಾಗಿ ಬರೆದಿಟ್ಟಿರುವನು. ಆದರೆ ಬೀದರಿನಲ್ಲಿ ಅನೇಕ ಹಿಂದೂಗಳ ಪರಿಚಯವಾಗಿ, ತಾನು ಕ್ರೈಸ್ತನೆಂಬುದನ್ನೂ ತನ್ನ ನಿಜವಾದ ಹೆಸರನ್ನೂ ಮುಚ್ಚದೆ ಹೇಳಿಕೊಂಡ ಮೇಲೆ, ಅವರೂ ತಮ್ಮ ಊಟ, ವ್ಯಾಪಾರ, ಪೂಜೆಗಳನ್ನು ಅವನಿಂದ ಮರೆಮಾಡಲಿಲ್ಲ. ಅವರೊಡನೆ ಅವನು ಪರ್ವತವೆಂದು ಕರೆಯಲ್ಪಡುವ ಶ್ರೀಶೈಲದ ಜಾತ್ರೆಗೂ ಹೋಗಿಬಂದನು. ಲಾಭವನ್ನು ಮಾತ್ರ ಹೇಳಿದ ಪೂರ್ವಪರಿಚಯವು ಅವನನ್ನು ವಂಚಿಸಿತು. ತನ್ನ ನಿಜವನ್ನು ಮೊದಲು ಕೊಟ್ಟಾಗ ದೇಶವು ತಾನಾಗಿ ಪರಿಚಯವಾಯಿತು. ಅವನು ಮೇಘದೂತವನ್ನು ಓದಿದವನಲ್ಲ. ಆದರೂ ಅವನ ಅನುಭವವು ಯಕ್ಷನ ಮಾತನ್ನೇ ಸಮರ್ಥಿಸುವುದು.

ಕೋರದಿಂದಲೋ ಗುಬ್ಬಿಯಿಂದಲೋ ಹೊರಡುವ ಯಾತ್ರಿಕನಿಗೆ ಉತ್ತರದೇಶವು ಅಷ್ಟು ಪರಕೀಯವೂ ಅಲ್ಲ. ಕಾಶಿಯಲ್ಲಿ ಜಂಗಮವಾಡಿ ಮಠವಿರುವುದು. ಕೇದಾರನಾಥದ ರಾವಲರು ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರು. ನೇಪಾಳದ ಪಶುಪತಿನಾಥನ ಪೂಜೆಯನ್ನು ಕರ್ನಾಟಕದಿಂದ ಹೋದ ಭಟ್ಟರು ನಡೆಸುತ್ತ ಬಂದಿರುವರು. ಹಿಂದಿನವರು ಉತ್ತರಕ್ಕೆ ನೋಡಲು ಮಾತ್ರ ಹೋಗಲಿಲ್ಲ, ಅಲ್ಲಿ ಒಂದು ಹೊಣೆಯನ್ನು ಹೊತ್ತು ನಿಂತರೆಂಬುದಕ್ಕೆ ಇವೇ ಸಾಕ್ಷಿಗಳು. ಬಾಲ್ಯದಿಂದ ಪುರಾಣಗಳಲ್ಲಿ ಕೇಳಿದ ಹೆಸರುಗಳೂ ಇವೆ. ಆದರೆ ಹೆಸರಿನ ಪರಿಚಯವು ದೇಶದ ಪರಿಚಯವೆಂಬ ಭ್ರಾಂತಿಗೆ ಇದೇ ಕಾರಣವಾಗುವುದುಂಟು.

ಆ ಭ್ರಾಂತಿಯ ಬೆಲೆಯು ಅಲ್ಪವಾದುದಲ್ಲ. ೨೦೧೩ನೆಯ ಇಸವಿ ಜೂನ್ ೧೬ ಮತ್ತು ೧೭ನೆಯ ತಾರೀಖುಗಳಲ್ಲಿ, ಆಷಾಢವು ಇನ್ನೂ ಬರುವುದಕ್ಕೆ ಮುಂಚೆಯೇ, ಕೇದಾರದ ಮೇಲೆ ಕಾಲಕ್ಕೆ ಮೊದಲು ಬಂದ ಮುಂಗಾರು ಎಡೆಬಿಡದೆ ಸುರಿಯಿತು. ಗುಡಿಯ ಮೇಲ್ಗಡೆಯಲ್ಲಿದ್ದ ಚೋರಾಬಾರಿ ಸರೋವರದ ದಂಡೆಯು ಒಡೆಯಿತು. ಮಂದಾಕಿನೀ ಕಣಿವೆಯಲ್ಲಿ ಸಾವಿರಾರು ಮಂದಿ ಪ್ರಾಣವನ್ನು ನೀಗಿದರು. ಪ್ರೇಮದ ದೂತನಾಗಿದ್ದ ಮೋಡವು ಅಲ್ಲಿ ಕಾಲದೂತನಾಯಿತು. ಸತ್ತವರಲ್ಲಿ ತಪ್ಪನ್ನು ಹುಡುಕುವುದು ಕ್ರೌರ್ಯ. ಆ ಮಳೆಯನ್ನು ಯಾವ ಯಾತ್ರಿಕನೂ ತಡೆಯುವಂತಿರಲಿಲ್ಲ. ಆದರೆ ನದಿಯ ಪಾತ್ರದಂಚಿನಲ್ಲಿಯೇ ವಸತಿಗಳನ್ನು ಕಟ್ಟಿದುದರಿಂದ ಹಾನಿಯು ಬೆಳೆಯಿತೆಂದು ವಿಷಯವನ್ನು ಪರಿಶೀಲಿಸಿದವರು ಹೇಳಿರುವರು. ಆ ವಸತಿಗಳು ಎದ್ದುದು ಯಾತ್ರಿಕರಿಗಾಗಿಯೇ ಅಲ್ಲವೆ? ಹಿಮವಂತನು ಯಾವ ತಿಂಗಳಲ್ಲಿ ಎಷ್ಟು ಜನರನ್ನು ತಾಳುವನು, ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು, ಏನನ್ನು ಅಲ್ಲಿ ಬಿಟ್ಟುಬರಬಾರದು ಎಂಬುವು ಹೊರಡುವುದಕ್ಕೆ ಮುಂಚೆ ಪ್ರತಿಯೊಂದು ಮನೆಯಲ್ಲಿಯೂ ಕೇಳಬೇಕಾದ ಪ್ರಶ್ನೆಗಳು. ಗುಡುಗಬೇಡ, ಸುರಿಯಬೇಡ, ದಾರಿಯನ್ನು ಬಿಟ್ಟುಕೊಡು ಎಂದು ಮೋಡಕ್ಕೆ ಹೇಳಿದ ಯಕ್ಷನು ಇಂದಿನ ಯಾತ್ರಿಕನಿಗೂ ಅದನ್ನೇ ಹೇಳುತ್ತಿದ್ದನೆಂದು ಭಾವಿಸಿದರೆ ತಪ್ಪಾಗಲಾರದು.

ಹಾಗಾದರೆ ಕೋಶವು ಮೊದಲೊ, ದೇಶವು ಮೊದಲೊ? ಕೋಶವೇ ಮೊದಲೆಂದು ಮೇಘದೂತದ ತೀರ್ಪು. ಆದರೆ ದೇಶಕ್ಕೆ ಸಲ್ಲಿಸಬೇಕಾದುದನ್ನೂ ಹೇಳುವ ಕೋಶವು ಅದಾಗಿರಬೇಕು. ಇಂತಹ ಉಪದೇಶವನ್ನು ಅಭ್ಯಾಸ ಮಾಡಲು ಉತ್ತರಕ್ಕೆ ಹೋಗುವವರೆಗೆ ಕಾಯಬೇಕಾದುದೂ ಇಲ್ಲ. ತುಮಕೂರಿನ ಬಳಿಯ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುವುದು. ಆ ಬೆಟ್ಟದ ನೆತ್ತಿಗೆ ಬಂದ ಮೋಡವೊಂದಕ್ಕೆ ಕೋರದ ಹೊಲಗಳ, ಕೆರೆಗಳ, ಊರುಗಳ ದಾರಿಯನ್ನು ಹೇಳಬೇಕಾಗಿ ಬಂದರೆ, ಯಾವ ಕೆರೆಯು ಬಡವಾಗಿದೆ, ಯಾವ ಹೊಲವು ಉತ್ತು ಕಾದಿದೆ, ಯಾವ ಊರಿನ ಮುದುಕರಿಗೆ ಯಾವ ಕಥೆಯು ಗೊತ್ತು ಎಂಬುದನ್ನು ಇಲ್ಲಿಯ ಮನೆಗಳಲ್ಲಿ ಎಷ್ಟು ಮಂದಿ ಹೇಳಬಲ್ಲರು? ಸ್ವಂತ ಸೀಮೆಯ ಮಾರ್ಗವನ್ನು ಹೀಗೆ ಹೇಳಬಲ್ಲವನಿಗೆ ಪರಸೀಮೆಯ ಮಾರ್ಗವನ್ನು ಕೇಳುವ ಕಿವಿಯೂ ಇರುವುದು.

ಮೇಘದೂತವು ಒಂದು ಕಾಲದಲ್ಲಿ ಹಿಮಾಲಯವನ್ನು ದಾಟಿ ಟಿಬೆಟ್ಟಿನ ಭಾಷೆಗೂ ಪರಿವರ್ತಿತವಾಗಿ, ಅಲ್ಲಿಯ ತಂಜೂರ್ ಎಂಬ ಗ್ರಂಥಸಮುದಾಯದಲ್ಲಿ ಸೇರಿತು. ದೂತನನ್ನು ಕೈಲಾಸದ ಮಡಿಲಿನವರೆಗೆ ಕಳುಹಿಸಿದ ಕಾವ್ಯವು ತಾನು ಅದರ ಆಚೆಗೂ ಹೋಯಿತು. ಕಾವ್ಯದ ಕೊನೆಯಲ್ಲಿ ಯಕ್ಷನು ಮೋಡವನ್ನು ತನ್ನ ಕೆಲಸಕ್ಕೆ ಕಟ್ಟಿಹಾಕುವುದಿಲ್ಲ. ಈ ಉಪಕಾರವನ್ನು ಮಾಡಿದ ಮೇಲೆ ನಿನಗೆ ಇಷ್ಟವಾದ ದೇಶಗಳಲ್ಲೆಲ್ಲ ಸಂಚರಿಸು, ಮಿಂಚಿನಿಂದ ನಿನಗೆ ಕ್ಷಣಕಾಲವೂ ಅಗಲಿಕೆ ಬಾರದಿರಲಿ ಎಂದು ಹರಸಿ ಬಿಡುವನು. ದಾರಿಯನ್ನು ಅಷ್ಟು ವಿವರವಾಗಿ ಹೇಳಿದವನು ಮುಂದಿನ ದಾರಿಯನ್ನು ಪಯಣಿಗನ ಇಷ್ಟಕ್ಕೇ ಬಿಟ್ಟಿರುವನು. ಯಾತ್ರೆಗೆ ಹೊರಡುವ ಮಕ್ಕಳ ಕೈಗೆ ಹಿರಿಯರು ಈ ಪುಟ್ಟ ಕಾವ್ಯವನ್ನು, ಮೂಲದಲ್ಲಾಗಲಿ ಬೇಂದ್ರೆಯವರ ಕನ್ನಡದಲ್ಲಾಗಲಿ, ಕೊಟ್ಟು ಕಳುಹಿಸಿದರೆ ಅದು ಬುತ್ತಿಯಷ್ಟೇ ಉಪಯೋಗಕ್ಕೆ ಬರುವುದು.